ಸಯನೈಡು ಸೇತುವೆಗಳು: ಒಂದು ನೀಲಿ ಬಣ್ಣದ ರಚನೆ ಮತ್ತು ಅದರ ಕಾಂತಗುಣ

ಕನ್ನಡದಲ್ಲಿ 'ನೀಲನಕ್ಷೆ' ಎಂಬ ಶಬ್ದ ಇಂದು ಮುನ್ಯೋಜನೆಯೆಂಬ ಅರ್ಥದಲ್ಲಿಯೇ ಹೆಚ್ಚಾಗಿ ಸಲ್ಲುತ್ತಿದೆ. ಅದರಲ್ಲಿಯ 'ನೀಲ' ಎಲ್ಲಿಂದ ಬಂದಿತೆಂದು ವಿಚಾರಿಸುವವರು ವಿರಳ. 1842ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್, ಕಬ್ಬಿಣದ ಎರಡು ಲವಣಗಳನ್ನು ಕಾಗದಕ್ಕೆ ಲೇಪಿಸಿ ಬಿಸಿಲಿಗೆ ಹಿಡಿದರೆ ಬೆಳಕು ಬಿದ್ದ ಭಾಗವೆಲ್ಲ ಗಾಢವಾದ ನೀಲಿಯಾಗುವುದೆಂದು ಕಂಡುಕೊಂಡನು. ಮೇಲೆ ಗೆರೆಯೆಳೆದ ಪಾರದರ್ಶಕ ಹಾಳೆಯನ್ನಿಟ್ಟರೆ ಗೆರೆಗಳ ನೆರಳು ಬಿದ್ದಲ್ಲಿ ಮಾತ್ರ ಕಾಗದ ಬೆಳ್ಳಗೆ ಉಳಿಯುವುದು. ನೀರಿನಲ್ಲಿ ತೊಳೆದರೆ ನಕ್ಷೆ ಸಿದ್ಧ. ಮುಂಬಯಿಯಲ್ಲಿ 1898ರಲ್ಲಿ ಸ್ಥಾಪಿತವಾದ ಇಂಪ್ರೂವ್‌ಮೆಂಟ್ ಟ್ರಸ್ಟಿನ ಯೋಜನೆಯಂತೆ ದಾದರ್–ಮಾಟುಂಗಾ ಬಡಾವಣೆಗಳು ರೂಪುಗೊಂಡ ಕಾಲವೂ, ಎಂಜಿನಿಯರುಗಳ ಕೈಯಲ್ಲಿ ಈ ನೀಲಿ ಕಾಗದ ಪ್ರಚಾರದಲ್ಲಿದ್ದ ಕಾಲವೂ ಒಂದೇ. ಕಾಗದದ ಮೇಲೆ ಹುಟ್ಟುವ ಆ ವರ್ಣದ್ರವ್ಯದ ಹೆಸರು 'ಪ್ರಷ್ಯನ್ ನೀಲಿ'.

ದಾದರ್, ಪರಳಗಳು ಬಟ್ಟೆಯ ಗಿರಣಿಗಳಿಂದ ತುಂಬಿದ್ದ ದಿನಗಳಲ್ಲಿ ಬಣ್ಣದ ರಸಾಯನಶಾಸ್ತ್ರವು ಈ ನಗರದ ಜೀವನೋಪಾಯಕ್ಕೇ ಸಂಬಂಧಿಸಿದ ವಿಷಯವಾಗಿತ್ತು. ಗಿರಣಿಗಳ ಕಾಲ ಮುಗಿದಿದೆ. ಆದರೆ ಈ ಒಂದು ಬಣ್ಣದ ಕುರಿತ ಜಿಜ್ಞಾಸೆ ಮುಂಬಯಿಯಲ್ಲಿ ಮುಗಿದಿಲ್ಲ. ದಾದರಿನಿಂದ ಪೂರ್ವಕ್ಕೆ, ಚೆಂಬೂರಿನಾಚೆ, ಟ್ರಾಂಬೆಯ ಭಾಭಾ ಪರಮಾಣು ಸಂಶೋಧನ ಕೇಂದ್ರದಲ್ಲಿ ಪ್ರಷ್ಯನ್ ನೀಲಿಯ ಬಳಗದ ವಸ್ತುಗಳನ್ನು ಬಣ್ಣಕ್ಕಾಗಿ ಅಲ್ಲ, ಕಾಂತಗುಣಕ್ಕಾಗಿ ಪರೀಕ್ಷಿಸಲಾಗಿದೆ. ಬಣ್ಣಕ್ಕೂ ಅಯಸ್ಕಾಂತಕ್ಕೂ ಏನು ಸಂಬಂಧವೆಂಬ ಪ್ರಶ್ನೆ ಸಹಜವಾದುದು. ಎರಡಕ್ಕೂ ಮೂಲ ಒಂದೇ, ಲೋಹದಿಂದ ಲೋಹಕ್ಕೆ ಹಾಸಿದ ಒಂದು ಕಿರುಸೇತುವೆಯೇ ಎರಡನ್ನೂ ನಿರ್ಣಯಿಸುತ್ತದೆ ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಸಯನೈಡಿನ ಎರಡು ಕೈಗಳು

ಸಯನೈಡು ಎಂಬ ಹೆಸರು ಕೇಳಿದೊಡನೆ ವಿಷದ ನೆನಪಾಗುವುದು ಸ್ವಾಭಾವಿಕ. ಕನ್ನಡಿಗರಿಗಾದರೋ ಕೋಲಾರದ ಚಿನ್ನದ ಗಣಿಗಳ ನೆನಪೂ ಜೊತೆಗೆ ಬರುತ್ತದೆ. 2001ರಲ್ಲಿ ಮುಚ್ಚಿಹೋದ ಆ ಗಣಿಗಳ ಬದಿಯಲ್ಲಿ ನಿಂತ ಸಯನೈಡು ದಿಬ್ಬಗಳು, ಅದಿರಿನಿಂದ ಚಿನ್ನವನ್ನು ಬಿಡಿಸಿಕೊಂಡ ಬಳಿಕ ಉಳಿದ ಪುಡಿಯ ರಾಶಿಗಳು. ಯಾವ ಸಾಧಾರಣ ಆಮ್ಲಕ್ಕೂ ಬಗ್ಗದ ಚಿನ್ನವು ಗಾಳಿಯ ಸಹಾಯವಿದ್ದರೆ ಸಯನೈಡಿನ ದುರ್ಬಲ ದ್ರಾವಣದಲ್ಲಿ ಕರಗಿಬಿಡುತ್ತದೆ. ಒಂದೊಂದು ಚಿನ್ನದ ಪರಮಾಣುವನ್ನು ಎರಡು ಸಯನೈಡುಗಳು ಎರಡು ಪಕ್ಕಗಳಿಂದ ಹಿಡಿದು ನೀರಿಗೆ ಎಳೆದೊಯ್ಯುವುದೇ ಇದಕ್ಕೆ ಕಾರಣ. ಹೀಗೆ ಲೋಹದ ಪರಮಾಣುವನ್ನು ನಡುವಿರಿಸಿ ಸುತ್ತಲೂ ಬೇರೆ ಗುಂಪುಗಳು ನಿಯತ ಸ್ಥಾನಗಳಲ್ಲಿ ಕುಳಿತ ರಚನೆಗಳಿಗೆ ಸಂಕೀರ್ಣ ಸಂಯುಕ್ತಗಳೆಂದು ಹೆಸರು. ಅವುಗಳ ಸ್ವರೂಪವನ್ನು 1893ರಲ್ಲಿ ಮೊದಲು ಸ್ಪಷ್ಟಪಡಿಸಿದವನು ಆಲ್ಫ್ರೆಡ್ ವರ್ನರ್. ಇದಕ್ಕಾಗಿ 1913ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ಸಂದಿತು.

ಸಯನೈಡೆಂದರೆ ಒಂದು ಇಂಗಾಲದ ಪರಮಾಣು ಮತ್ತು ಒಂದು ಸಾರಜನಕದ ಪರಮಾಣು ಮೂರು ಬಂಧಗಳಿಂದ ಬಿಗಿಯಾಗಿ ಕೂಡಿದ, ಒಂದು ಋಣಾವೇಶವುಳ್ಳ ಜೋಡಿ. ಇದಕ್ಕೆ ಎರಡು ತುದಿಗಳು. ಎರಡರಲ್ಲಿಯೂ ಲೋಹಕ್ಕೆ ನೀಡಬಲ್ಲ ಎಲೆಕ್ಟ್ರಾನುಗಳಿವೆ. ಆದುದರಿಂದ ಅದು ಇಂಗಾಲದ ಕೈಯಿಂದ ಒಂದು ಲೋಹವನ್ನೂ ಸಾರಜನಕದ ಕೈಯಿಂದ ಮತ್ತೊಂದು ಲೋಹವನ್ನೂ ಹಿಡಿದುಕೊಂಡು ಸೇತುವೆಯಾಗಬಲ್ಲುದು. ಆದರೆ ಎರಡು ಕೈಗಳ ಹಿಡಿತ ಒಂದೇ ಬಗೆಯದಲ್ಲ. ಇಂಗಾಲದ ಹಿಡಿತ ಬಲು ಬಿಗಿ. ಅದಕ್ಕೆ ಸಿಕ್ಕ ಲೋಹದ ಎಲೆಕ್ಟ್ರಾನುಗಳು ಸಾಧ್ಯವಾದಷ್ಟೂ ಜೋಡಿಗೂಡಿ ನಿಲ್ಲುತ್ತವೆ. ಸಾರಜನಕದ ಹಿಡಿತ ಸಡಿಲ. ಆ ಪಕ್ಕದ ಲೋಹದಲ್ಲಿ ಎಲೆಕ್ಟ್ರಾನುಗಳು ಒಂಟೊಂಟಿಯಾಗಿ ಉಳಿಯುತ್ತವೆ. ಈ ಭೇದವನ್ನು ನೆನಪಿನಲ್ಲಿಡುವುದು ಅವಶ್ಯ, ಏಕೆಂದರೆ ಮುಂದಿನ ವಿಚಾರವೆಲ್ಲ ಇದರ ಮೇಲೆಯೇ ನಿಂತಿದೆ.

ಬಣ್ಣದ ಪೂರ್ವೇತಿಹಾಸ

ಪ್ರಷ್ಯನ್ ನೀಲಿಯ ಜನ್ಮ ಆಕಸ್ಮಿಕ. ಸುಮಾರು 1706ರಲ್ಲಿ ಬರ್ಲಿನ್ನಿನ ಡೀಸ್ಬಾಖ್ ಎಂಬ ಬಣ್ಣಗಾರನು ಕೆಂಪು ಬಣ್ಣವನ್ನು ತಯಾರಿಸಹೊರಟು, ಪ್ರಾಣಿಜನ್ಯ ವಸ್ತುವಿನಿಂದ ಕಲುಷಿತವಾದ ಕ್ಷಾರವನ್ನು ಬಳಸಿದ್ದರಿಂದ ನೀಲಿಯನ್ನು ಪಡೆದನೆಂದು ಇತಿಹಾಸಕಾರರು ಹೇಳುತ್ತಾರೆ. ತಯಾರಿಕೆಯ ಗುಟ್ಟು 1724ರವರೆಗೆ ಬಹಿರಂಗವಾಗಲಿಲ್ಲ. 1782ರಲ್ಲಿ ಸ್ವೀಡನ್ನಿನ ಷೀಲೆ ಈ ನೀಲಿಯನ್ನು ಆಮ್ಲದೊಡನೆ ಕಾಸಿ ಹೊಸದೊಂದು ಆಮ್ಲವನ್ನು ಪಡೆದನು. ಇಂದು ಹೈಡ್ರೊಸಯನಿಕ್ ಆಮ್ಲವೆಂದು ಕರೆಯಲ್ಪಡುವ ಘೋರವಿಷ ಅದೇ. ಹೀಗೆ ಸಯನೈಡಿನಿಂದ ನೀಲಿಗೆ ಹೆಸರು ಬಂದುದಲ್ಲ, ನೀಲಿಯಿಂದಲೇ ಸಯನೈಡಿಗೆ ಹೆಸರು ಬಂದಿತು. ಗ್ರೀಕ್ ಭಾಷೆಯ 'ಕ್ಯಾನೊಸ್' ಎಂದರೆ ಗಾಢನೀಲ. ವಿಷವನ್ನು ಗರ್ಭದಲ್ಲಿಟ್ಟುಕೊಂಡರೂ ಬಣ್ಣ ಮಾತ್ರ ನಿರಪಾಯಕಾರಿ. ಕಬ್ಬಿಣದ ಹಿಡಿತದಲ್ಲಿರುವ ಸಯನೈಡು ಸುಲಭವಾಗಿ ಬಿಡುಗಡೆ ಹೊಂದುವುದಿಲ್ಲವೆಂಬುದೇ ಇದಕ್ಕೆ ಕಾರಣ.

ಆದರೆ ಈ ವಸ್ತುವಿನ ಒಳರಚನೆ ಏನೆಂಬುದು ಎರಡು ಶತಮಾನಗಳಿಗೂ ಮೀರಿ ತಿಳಿಯದೆ ಉಳಿಯಿತು. ಕ್ಷ-ಕಿರಣಗಳ ವಿವರ್ತನೆಯಿಂದ ಪರಮಾಣುಗಳ ಸ್ಥಾನವನ್ನು ಕಂಡುಹಿಡಿಯುವ ವಿದ್ಯೆ ಬೆಳೆದ ಮೇಲೆ, 1936ರಲ್ಲಿ ಕೆಗ್ಗಿನ್ ಮತ್ತು ಮೈಲ್ಸ್ ಎಂಬವರು ಮೊದಲ ಚಿತ್ರವನ್ನು ಕೊಟ್ಟರು. ಪುಡಿಯ ರೂಪದಲ್ಲಿ ಮಾತ್ರ ದೊರೆಯುತ್ತಿದ್ದ ವಸ್ತುವಿನಿಂದ ಪೂರ್ಣ ವಿವರ ಪಡೆಯುವುದು ಸಾಧ್ಯವಿರಲಿಲ್ಲ. 1970ರ ದಶಕದಲ್ಲಿ ಸ್ವಿಟ್ಸರ್ಲೆಂಡಿನ ಲೂಡಿ ಮತ್ತು ಅವನ ಸಹೋದ್ಯೋಗಿಗಳು ಬಿಡಿ ಹರಳುಗಳನ್ನು ಬೆಳೆಸಿ ಪರೀಕ್ಷಿಸಿದ ಬಳಿಕವೇ ನಿಜವಾದ ರಚನೆ ಗೋಚರವಾಯಿತು.

ಜಾಲರಿಯೂ ಅದರೊಳಗಿನ ತೆರವೂ

ಆ ರಚನೆಯನ್ನು ಹೀಗೆ ಕಲ್ಪಿಸಿಕೊಳ್ಳಬಹುದು. ಚದುರಂಗದ ಹಾಸಿನ ಕಪ್ಪು ಬಿಳಿ ಮನೆಗಳು ಉದ್ದಗಲಗಳಲ್ಲಿ ಮಾತ್ರವಲ್ಲದೆ ಎತ್ತರದಲ್ಲಿಯೂ ಒಂದನ್ನೊಂದು ಅನುಸರಿಸಿದಂತೆ, ಎರಡು ಬಗೆಯ ಕಬ್ಬಿಣಗಳು ಘನಾಕೃತಿಯ ಜಾಲರಿಯಲ್ಲಿ ಒಂದಾದ ಮೇಲೊಂದರಂತೆ ನಿಂತಿವೆ. ಎರಡು ಧನಾವೇಶವುಳ್ಳ ಫೆರಸ್ ಕಬ್ಬಿಣದ ಸುತ್ತ ಆರು ದಿಕ್ಕುಗಳಿಂದ ಇಂಗಾಲದ ಕೈಗಳು. ಮೂರು ಧನಾವೇಶವುಳ್ಳ ಫೆರಿಕ್ ಕಬ್ಬಿಣದ ಸುತ್ತ ಸಾರಜನಕದ ಕೈಗಳು. ದೂರಗಳನ್ನು ಅಳೆಯಲು ಬಳಸುವ ಮಾನ ಆಂಗ್‌ಸ್ಟ್ರಾಮ್. ಅದು ಸೆಂಟಿಮೀಟರಿನ ಹತ್ತು ಕೋಟಿ ಭಾಗಗಳಲ್ಲಿ ಒಂದು. ಫೆರಸ್ ಕಬ್ಬಿಣದಿಂದ ಇಂಗಾಲಕ್ಕೆ 1.92, ಇಂಗಾಲದಿಂದ ಸಾರಜನಕಕ್ಕೆ 1.13, ಸಾರಜನಕದಿಂದ ಫೆರಿಕ್ ಕಬ್ಬಿಣಕ್ಕೆ 2.03 ಆಂಗ್‌ಸ್ಟ್ರಾಮ್. ಅಂದರೆ ಒಂದು ಸೇತುವೆಯ ಒಟ್ಟು ಉದ್ದ ಐದು ಆಂಗ್‌ಸ್ಟ್ರಾಮಿಗಿಂತ ತುಸು ಹೆಚ್ಚು.

ಇಲ್ಲಿ ಲೆಕ್ಕದ ತೊಡಕೊಂದು ಎದುರಾಗುತ್ತದೆ. ಆರು ಸಯನೈಡುಗಳೊಡನೆ ಕೂಡಿದ ಫೆರಸ್ ಘಟಕದ ಆವೇಶ ಋಣ ನಾಲ್ಕು. ಫೆರಿಕ್ಕಿನದು ಧನ ಮೂರು. ಎರಡೂ ಸಮಸಂಖ್ಯೆಯಲ್ಲಿದ್ದರೆ ಆವೇಶ ಸರಿದೂಗದು; ನಾಲ್ಕು ಫೆರಿಕ್ಕುಗಳಿಗೆ ಮೂರೇ ಫೆರಸ್ ಘಟಕಗಳು ಇರತಕ್ಕದ್ದು. ಹಾಗಾದರೆ ಜಾಲರಿಯಲ್ಲಿ ಫೆರಸ್ಸಿಗಾಗಿ ಮೀಸಲಾದ ಸ್ಥಾನಗಳಲ್ಲಿ ನಾಲ್ಕರಲ್ಲೊಂದು ಬರಿದಾಗಿಯೇ ಉಳಿಯುತ್ತದೆ. ಆ ತೆರವನ್ನು ನೀರಿನ ಅಣುಗಳು ತುಂಬುತ್ತವೆ. ಅದರ ಅಂಚಿನ ಫೆರಿಕ್ ಕಬ್ಬಿಣಗಳು ಕಳೆದುಕೊಂಡ ಸಾರಜನಕದ ಬದಲು ನೀರನ್ನೇ ಹಿಡಿದುಕೊಳ್ಳುತ್ತವೆ. ಸರಾಸರಿಯಾಗಿ ಪ್ರತಿಯೊಂದು ಫೆರಿಕ್ಕಿಗೆ ನಾಲ್ಕೂವರೆ ಸಾರಜನಕ, ಒಂದೂವರೆ ನೀರು. ಸೇತುವೆಗಳ ಈ ಊರಿನಲ್ಲಿ ಕಾಣೆಯಾದ ಕಂಬಗಳು ಅಪವಾದಗಳಲ್ಲ. ರಚನೆಯ ನಿಯಮವೇ ಅವನ್ನು ಬೇಡುತ್ತದೆ.

ನೀಲಿಯ ರಹಸ್ಯವೂ ಇಲ್ಲಿಯೇ ಇದೆ. ಕೆಂಪು-ಕಿತ್ತಳೆ ಬೆಳಕು ಬಿದ್ದಾಗ ಫೆರಸ್ ಕಬ್ಬಿಣದ ಒಂದು ಎಲೆಕ್ಟ್ರಾನು ಸೇತುವೆಯನ್ನು ದಾಟಿ ಫೆರಿಕ್ಕಿಗೆ ಜಿಗಿಯುತ್ತದೆ. ಆ ಬೆಳಕು ಹೀಗೆ ವೆಚ್ಚವಾಗಿ, ಉಳಿದ ನೀಲಿ ಮಾತ್ರ ಕಣ್ಣಿಗೆ ಬರುತ್ತದೆ. 1962ರಲ್ಲಿ ರಾಬಿನ್ ಎಂಬ ವಿಜ್ಞಾನಿ ಈ ವಿವರಣೆಯನ್ನು ಸ್ಥಿರಪಡಿಸಿದನು. ಬೆಳಕಿಲ್ಲದಾಗಲೂ ಆ ಎಲೆಕ್ಟ್ರಾನು ಪೂರ್ತಿಯಾಗಿ ಫೆರಸ್ಸಿನದಲ್ಲ; ಶೇಕಡಾ ಒಂದರ ಆಸುಪಾಸಿನಷ್ಟು ಪಾಲು ಆಚೆಯ ಫೆರಿಕ್ಕಿನ ಮೇಲೆ ಹರಡಿಕೊಂಡಿರುತ್ತದೆ.

ಕಾಂತಗುಣದ ಮೂಲ

ಪ್ರತಿಯೊಂದು ಎಲೆಕ್ಟ್ರಾನೂ ಒಂದು ಸೂಕ್ಷ್ಮ ಕಾಂತಸೂಚಿಯಂತೆ ವರ್ತಿಸುತ್ತದೆ. ಎರಡು ಎಲೆಕ್ಟ್ರಾನುಗಳು ಜೋಡಿಯಾದರೆ ಒಂದರ ಗುಣವನ್ನು ಮತ್ತೊಂದು ಅಳಿಸಿಹಾಕುತ್ತದೆ. ಒಂಟಿಯಾಗಿ ಉಳಿದವು ಮಾತ್ರ ಪರಮಾಣುವಿಗೆ ಕಾಂತಗುಣವನ್ನು ಕೊಡುತ್ತವೆ. ಪ್ರಷ್ಯನ್ ನೀಲಿಯಲ್ಲಿ ಇಂಗಾಲದ ಬಿಗಿಹಿಡಿತಕ್ಕೆ ಸಿಕ್ಕ ಫೆರಸ್ ಕಬ್ಬಿಣದ ಆರೂ ಎಲೆಕ್ಟ್ರಾನುಗಳು ಜೋಡಿಗೂಡಿವೆ. ಅದು ಕಾಂತದೃಷ್ಟಿಯಿಂದ ಮೂಕ. ಸಾರಜನಕದ ಬಳಿಯ ಫೆರಿಕ್ ಕಬ್ಬಿಣದಲ್ಲಿ ಐದು ಒಂಟಿ ಎಲೆಕ್ಟ್ರಾನುಗಳಿವೆ. ಮಾತನಾಡಬಲ್ಲ ಎರಡು ಫೆರಿಕ್ಕುಗಳ ನಡುವೆ ಒಂದು ಮೂಕ ಫೆರಸ್, ಎರಡು ಸೇತುವೆ, ಹತ್ತು ಆಂಗ್‌ಸ್ಟ್ರಾಮಿನ ಅಂತರ. ಇಷ್ಟು ದೂರದಲ್ಲಿ ಅವು ಒಂದನ್ನೊಂದು ಅರಿಯಲಾರವೆಂದೇ ತೋರಬಹುದು. ಆದರೂ ನಿರಪೇಕ್ಷ ಶೂನ್ಯಕ್ಕಿಂತ 5.6 ಕೆಲ್ವಿನ್ ಮೇಲೆ, ಅಂದರೆ ನೀರು ಹೆಪ್ಪುಗಟ್ಟುವ ಉಷ್ಣತೆಗಿಂತ ಸುಮಾರು 267 ಡಿಗ್ರಿ ಕೆಳಗೆ, ಅವೆಲ್ಲ ಒಂದೇ ದಿಕ್ಕಿಗೆ ತಿರುಗಿ ನಿಂತು ವಸ್ತುವು ಅಯಸ್ಕಾಂತವಾಗುತ್ತದೆ. ಅವುಗಳ ನಡುವೆ ಸಂದೇಶ ಒಯ್ಯುವುದು ಮೇಲೆ ಹೇಳಿದ, ಆಚೆಗೆ ಹರಡಿಕೊಂಡ ಎಲೆಕ್ಟ್ರಾನಿನ ಆ ಅಲ್ಪಭಾಗವೇ. ವಸ್ತುವಿಗೆ ನೀಲಿಯನ್ನು ಕೊಟ್ಟ ಸಂಗತಿಯೇ ಅದಕ್ಕೆ ಕಾಂತತ್ವವನ್ನೂ ಕೊಟ್ಟಿದೆ.

ಇದರಿಂದ ಒಂದು ಯುಕ್ತಿ ಹೊಳೆಯುತ್ತದೆ. ಮೂಕ ಕಬ್ಬಿಣದ ಸ್ಥಾನದಲ್ಲಿ ಒಂಟಿ ಎಲೆಕ್ಟ್ರಾನುಳ್ಳ ಬೇರೆ ಲೋಹವನ್ನಿಟ್ಟರೆ ಸಂದೇಶ ಒಂದೇ ಸೇತುವೆಯನ್ನು ದಾಟಿದರೆ ಸಾಕು. ಕಾಂತತ್ವ ಹೆಚ್ಚಿನ ಉಷ್ಣತೆಯಲ್ಲಿಯೂ ನಿಲ್ಲಬೇಕು. ಯಾವ ಲೋಹವನ್ನು ಯಾವುದರೊಡನೆ ಜೋಡಿಸಿದರೆ ಏನಾಗುವುದೆಂಬುದಕ್ಕೂ ನಿಯಮವಿದೆ. ಸೇತುವೆಯ ಎರಡು ತುದಿಗಳ ಒಂಟಿ ಎಲೆಕ್ಟ್ರಾನುಗಳು ವಾಸಿಸುವ ಕಕ್ಷಕಗಳು ಒಂದರೊಳಗೊಂದು ಬೆರೆಯದಂತಿದ್ದರೆ, ಎರಡು ಲೋಹಗಳ ಕಾಂತಸೂಚಿಗಳೂ ಒಂದೇ ದಿಕ್ಕಿಗೆ ನಿಲ್ಲುತ್ತವೆ, ಇದು ಫೆರೋಕಾಂತತ್ವ. ಬೆರೆಯುವಂತಿದ್ದರೆ ಸೂಚಿಗಳು ಎದುರುಬದುರಾಗುತ್ತವೆ. ಎದುರುಬದುರಾದ ಎರಡು ಪಕ್ಷಗಳ ಬಲ ಸಮವಾಗಿಲ್ಲದಿದ್ದರೆ ಹೆಚ್ಚಿನದರ ಉಳಿಕೆಯೇ ವಸ್ತುವಿನ ಕಾಂತತ್ವವಾಗಿ ಹೊರಗೆ ತೋರುತ್ತದೆ. 1948ರಲ್ಲಿ ಫ್ರಾನ್ಸಿನ ನೇಲ್ ನಿರೂಪಿಸಿದ ಈ ಬಗೆಗೆ ಫೆರಿಕಾಂತತ್ವವೆಂದು ಹೆಸರು.

ನಿಯಮ ಬರಿಯ ಕಾಗದದ ಮೇಲೆ ಉಳಿಯಲಿಲ್ಲ. ಪ್ಯಾರಿಸಿನ ವೆರ್ದಗೆರ್ ಮತ್ತು ಸಂಗಡಿಗರು 1992ರಲ್ಲಿ ಕ್ರೋಮಿಯಮ್ಮಿನ ಎದುರಿಗೆ ನಿಕ್ಕಲನ್ನಿಟ್ಟು, ಲೆಕ್ಕ ಹೇಳಿದಂತೆಯೇ 90 ಕೆಲ್ವಿನ್ನಿನವರೆಗೆ ನಿಲ್ಲುವ ಫೆರೋಕಾಂತವನ್ನು ಪಡೆದರು. ಅದು ದ್ರವ ಆಮ್ಲಜನಕ ಕುದಿಯುವ ಉಷ್ಣತೆ. ಕ್ರೋಮಿಯಮ್ಮಿನ ಎದುರಿಗೆ ವನೇಡಿಯಮ್ಮನ್ನಿಟ್ಟರೆ ಎರಡರ ಕಕ್ಷಕಗಳೂ ಗಾಢವಾಗಿ ಬೆರೆತು, ಎದುರುಬದುರಿನ ಜೋಡಣೆ ಇನ್ನೂ ಬಲವಾಗಬೇಕು. 1995ರಲ್ಲಿ ಅಂಥ ವಸ್ತು 315 ಕೆಲ್ವಿನ್ನಿನವರೆಗೆ, ಅಂದರೆ 42 ಡಿಗ್ರಿ ಸೆಲ್ಷಿಯಸ್‌ವರೆಗೆ ಅಯಸ್ಕಾಂತವಾಗಿ ಉಳಿಯಿತು. ಮುಂಬಯಿಯ ಸಾಧಾರಣ ಬೇಸಗೆಯನ್ನು ಅದು ತಾಳಬಲ್ಲುದು. 1999ರಲ್ಲಿ ಅಮೆರಿಕದ ಹೋಮ್ಸ್ ಮತ್ತು ಜಿರೋಲಾಮಿ ಈ ಮೇರೆಯನ್ನು 376 ಕೆಲ್ವಿನ್ನಿಗೆ, ನೀರು ಕುದಿಯುವ ಉಷ್ಣತೆಗಿಂತ ಮೇಲಕ್ಕೆ ಒಯ್ದರು. ಉರಿಯುವ ಕುಲುಮೆಯಿಲ್ಲದೆ, ಬರಿಯ ದ್ರಾವಣಗಳನ್ನು ಬೆರೆಸಿ, ಮೊದಲೇ ಯೋಚಿಸಿದ ಗುಣದ ಅಯಸ್ಕಾಂತವನ್ನು ಪಡೆಯುವುದು ಹೀಗೆ ಸಾಧ್ಯವಾಯಿತು. ಆದರೆ ವನೇಡಿಯಮ್ಮಿನ ಈ ವಸ್ತುಗಳು ಗಾಳಿ ತಗುಲಿದರೆ ಕೆಡುತ್ತವೆಂಬ ಕೊರತೆಯನ್ನೂ ಹೇಳಬೇಕು.

ಟ್ರಾಂಬೆಯ ಅನ್ವೇಷಣೆ

ಫೆರಿಕಾಂತ ವಸ್ತುವಿನ ಹೊರಗಿನ ಕಾಂತತ್ವವನ್ನು ಅಳೆಯುವುದು ಖಾತೆಯ ಬಾಕಿಯನ್ನಷ್ಟೇ ನೋಡಿದಂತೆ. ಜಮೆ ಎಷ್ಟು, ಖರ್ಚು ಎಷ್ಟು ಎಂಬುದು ಅದರಿಂದ ತಿಳಿಯದು. ಬಾಕಿ ಸೊನ್ನೆಯಾದ ಮಾತ್ರಕ್ಕೆ ವ್ಯವಹಾರವೇ ನಡೆದಿಲ್ಲವೆಂದೂ ಹೇಳಲಾಗದು. ಎದುರುಬದುರು ನಿಂತ ಎರಡು ಪಕ್ಷಗಳ ಬಲ ಉಷ್ಣತೆಯೊಡನೆ ಒಂದೇ ಪ್ರಮಾಣದಲ್ಲಿ ಬದಲಾಗಬೇಕಿಲ್ಲ. ತಣಿಸುತ್ತ ಹೋದಂತೆ ಮೊದಲು ಮುಂದಿದ್ದ ಪಕ್ಷವನ್ನು ಮತ್ತೊಂದು ಪಕ್ಷ ಹಿಂದಿಕ್ಕಬಹುದು. ಎರಡೂ ಸರಿಸಮವಾಗುವ ಉಷ್ಣತೆಗೆ ಪರಿಹಾರ ಉಷ್ಣತೆಯೆನ್ನುವರು. ಅದಕ್ಕಿಂತ ಕೆಳಗೆ ಕಾಂತತ್ವದ ಚಿಹ್ನೆಯೇ ಬದಲಾಗಿ, ವಸ್ತುವು ತನ್ನನ್ನು ಹುರಿದುಂಬಿಸಿದ ಹೊರಗಿನ ಕ್ಷೇತ್ರಕ್ಕೆ ವಿರುದ್ಧವಾಗಿ ನಿಲ್ಲುತ್ತದೆ. ಉತ್ತರಧ್ರುವ ದಕ್ಷಿಣವಾಗುತ್ತದೆ. ಆ ಶೈತ್ಯದಲ್ಲಿ ಸೂಚಿಗಳು ಹರಳಿನ ದಿಕ್ಕುಗಳಿಗೆ ಕಟ್ಟುಬಿದ್ದಿರುವುದರಿಂದ ದುರ್ಬಲ ಕ್ಷೇತ್ರಕ್ಕೆ ಅವನ್ನು ಮರಳಿ ತಿರುಗಿಸುವ ಶಕ್ತಿಯಿರುವುದಿಲ್ಲ.

ತಾಮ್ರ, ಮ್ಯಾಂಗನೀಸ್, ಕಬ್ಬಿಣ ಈ ಮೂರೂ ಲೋಹಗಳುಳ್ಳ ಪ್ರಷ್ಯನ್ ನೀಲಿಯ ಬಂಧುವೊಂದರಲ್ಲಿ ಈ ವಿಪರ್ಯಾಸವನ್ನು ಟ್ರಾಂಬೆಯ ಅಮಿತ್ ಕುಮಾರ್, ಎಸ್. ಎಂ. ಯೂಸುಫ್, ಜೆ. ವಿ. ಯಖ್ಮಿ ಮತ್ತು ಅವರೊಡನೆ ಸೇರಿದ ಎಲ್. ಕೆಲ್ಲರ್ ಅಭ್ಯಸಿಸಿ, 2008ರಲ್ಲಿ 'ಫಿಸಿಕಲ್ ರಿವ್ಯೂ ಲೆಟರ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಪ್ರತಿಯೊಂದು ಕಬ್ಬಿಣಕ್ಕೆ 0.73 ಪ್ರಮಾಣದ ತಾಮ್ರ, 0.77 ಪ್ರಮಾಣದ ಮ್ಯಾಂಗನೀಸ್ ಆ ವಸ್ತುವಿನಲ್ಲಿವೆ. ಎರಡೂ ಕೂಡಿ ಒಂದೂವರೆಯಾಗುವುದರಿಂದ ಇಲ್ಲಿ ಕಬ್ಬಿಣದ ಸ್ಥಾನಗಳಲ್ಲಿ ಮೂರರಲ್ಲೊಂದು ತೆರವೆಂಬುದು ಲೆಕ್ಕದಿಂದಲೇ ತಿಳಿಯುತ್ತದೆ. ಇಂಗಾಲದ ಬಳಿಯ ಕಬ್ಬಿಣದಲ್ಲಿ ಒಂದು, ತಾಮ್ರದಲ್ಲಿ ಒಂದು, ಮ್ಯಾಂಗನೀಸಿನಲ್ಲಿ ಐದು ಒಂಟಿ ಎಲೆಕ್ಟ್ರಾನುಗಳು.

ಖಾತೆಯ ಎರಡು ಪಕ್ಕಗಳನ್ನೂ ಬೇರೆಬೇರೆಯಾಗಿ ಓದಲು ಅವರು ಆಶ್ರಯಿಸಿದುದು ನ್ಯೂಟ್ರಾನುಗಳ ವಿವರ್ತನೆಯನ್ನು. ಕ್ಷ-ಕಿರಣಗಳು ಎಲೆಕ್ಟ್ರಾನುಗಳ ಸಂಖ್ಯೆಯಿಂದ ಪರಮಾಣುಗಳನ್ನು ಗುರುತಿಸುತ್ತವೆ; ಆರು ಎಲೆಕ್ಟ್ರಾನುಗಳ ಇಂಗಾಲವೂ ಏಳರ ಸಾರಜನಕವೂ ಅವಕ್ಕೆ ಹೆಚ್ಚುಕಡಿಮೆ ಒಂದೇ. ನ್ಯೂಟ್ರಾನು ಪರಮಾಣುವಿನ ಬೀಜವನ್ನು ಕಾಣುವುದರಿಂದ ಅವೆರಡರ ಭೇದ ಅದಕ್ಕೆ ಸ್ಪಷ್ಟ. ಸೇತುವೆಯ ಯಾವ ಕೈ ಯಾವ ಲೋಹವನ್ನು ಹಿಡಿದಿದೆಯೆಂದು ಅದು ಹೇಳಬಲ್ಲುದು. ಅಲ್ಲದೆ ನ್ಯೂಟ್ರಾನು ತಾನೇ ಒಂದು ಕಿರಿಯ ಕಾಂತಸೂಚಿ; ಹರಳಿನೊಳಗಿನ ಸೂಚಿಗಳು ಯಾವ ಸ್ಥಾನದಲ್ಲಿ ಯಾವ ದಿಕ್ಕಿಗಿವೆಯೆಂಬುದನ್ನೂ ಅದು ಅರಿಯುತ್ತದೆ. ನೀರಿನ ಜಲಜನಕವು ನ್ಯೂಟ್ರಾನುಗಳನ್ನು ಅಡ್ಡಾದಿಡ್ಡಿ ಚದುರಿಸಿ ಚಿತ್ರವನ್ನು ಮಸುಕುಗೊಳಿಸುವುದೊಂದೇ ತೊಡಕು. ಅದನ್ನು ಗಣಕಯಂತ್ರದ ಲೆಕ್ಕಾಚಾರದಿಂದ ಬೇರ್ಪಡಿಸಿ ನೋಡಿದಾಗ ಉತ್ತರ ದೊರೆಯಿತು: ತಾಮ್ರವೂ ಕಬ್ಬಿಣವೂ ಒಂದು ಪಕ್ಷ, ಮ್ಯಾಂಗನೀಸ್ ಅವಕ್ಕೆ ಎದುರುಪಕ್ಷ. ಹೊರಗೆ ಧ್ರುವ ಬದಲಾದಂತೆ ಕಂಡುದು, ಒಳಗೆ ಎರಡು ಪಕ್ಷಗಳ ಬಲಾಬಲದ ಬದಲಾವಣೆ. ಮೊದಲು ಊಹೆಯಾಗಿದ್ದುದು ಹೀಗೆ ಪರಮಾಣುಗಳ ಮಟ್ಟದ ಸಾಕ್ಷ್ಯವನ್ನು ಪಡೆಯಿತು.

ಇಂಥ ಅಭ್ಯಾಸಕ್ಕೆ ಟ್ರಾಂಬೆಯಲ್ಲಿ ದೀರ್ಘ ಪರಂಪರೆಯಿದೆ. ಭಾರತದ ಮೊದಲ ಪರಮಾಣು ಸ್ಥಾವರ ಅಪ್ಸರಾ ಅಲ್ಲಿ 1956ರಲ್ಲಿಯೂ, ಧ್ರುವ ಸ್ಥಾವರ 1985ರಲ್ಲಿಯೂ ಕಾರ್ಯಾರಂಭ ಮಾಡಿದವು. ಧ್ರುವದ ನ್ಯೂಟ್ರಾನುಗಳು ವಸ್ತುಗಳ ರಚನೆಯನ್ನೂ ಕಾಂತಗುಣವನ್ನೂ ಅರಿಯುವ ಸಾಧನಗಳಿಗೆ ಒದಗುತ್ತ ಬಂದಿವೆ. ತುಮಕೂರಿನಲ್ಲಿ ಜನಿಸಿದ ರಾಜಾ ರಾಮಣ್ಣನವರು ಈ ಸಂಸ್ಥೆಯ ನಿರ್ದೇಶಕರಾಗಿದ್ದುದು ಕನ್ನಡಿಗರು ಮರೆಯದ ಸಂಗತಿ.

ತೆರವಿನ ಪ್ರಯೋಜನ

ಜಾಲರಿಯಲ್ಲಿಯ ತೆರವು ಕಾಂತತ್ವದ ದೃಷ್ಟಿಯಿಂದ ನಷ್ಟವೇ ಸರಿ. ಒಂದು ಘಟಕ ಕಾಣೆಯಾದರೆ ಆರು ಸೇತುವೆಗಳು ಮುರಿಯುತ್ತವೆ. ಆದರೆ ಅದಕ್ಕೆ ಲಾಭದ ಮುಖವೂ ಇದೆ. ಜಪಾನಿನ ಹಾಷಿಮೊಟೊ ಮತ್ತು ಸಂಗಡಿಗರು 1996ರಲ್ಲಿ ಕೋಬಾಲ್ಟ್ ಮತ್ತು ಕಬ್ಬಿಣಗಳ ಬಂಧುವೊಂದರ ಮೇಲೆ ತೀವ್ರ ಶೈತ್ಯದಲ್ಲಿ ಕೆಂಪು ಬೆಳಕು ಬೀರಿ ಅದರ ಕಾಂತತ್ವವನ್ನು ಹೆಚ್ಚಿಸಿದರು. ನೀಲಿ ಬೆಳಕಿನಿಂದ ಮರಳಿ ತಗ್ಗಿಸಿದರು. ಎಲೆಕ್ಟ್ರಾನು ಸೇತುವೆ ದಾಟಿದಾಗ ಕೋಬಾಲ್ಟಿನ ಬಂಧಗಳು ಉದ್ದವಾಗುತ್ತವೆ. ಹಾಗೆ ಹಿಗ್ಗಲು ಜಾಲರಿಗೆ ಎಡೆ ಕೊಡುವುದು ಆ ತೆರವುಗಳೇ.

ಇನ್ನೊಂದು ಪ್ರಯೋಜನ ಮನುಷ್ಯನ ಪ್ರಾಣಕ್ಕೆ ಸಂಬಂಧಿಸಿದುದು. ವಿಕಿರಣ ಸೂಸುವ ಸೀಸಿಯಮ್ ದೇಹದೊಳಗೆ ಸೇರಿದರೆ ಕರುಳಿನಲ್ಲಿ ಮತ್ತೆ ಮತ್ತೆ ಹೀರಲ್ಪಟ್ಟು ಬಹುಕಾಲ ಉಳಿಯುತ್ತದೆ. ನುಂಗಿದ ಪ್ರಷ್ಯನ್ ನೀಲಿ ರಕ್ತಕ್ಕೆ ಸೇರದೆ ಕರುಳಿನಲ್ಲಿಯೇ ಸಾಗುತ್ತ, ಸೀಸಿಯಮ್ಮನ್ನು ತನ್ನ ಜಾಲರಿಯ ಪೊಟರೆಗಳಲ್ಲಿ ಸೆರೆಹಿಡಿದು ಹೊರಕ್ಕೊಯ್ಯುತ್ತದೆ. 1987ರಲ್ಲಿ ಬ್ರೆಜಿಲ್ಲಿನ ಗೊಯಾನಿಯಾ ನಗರದಲ್ಲಿ, ಪಾಳುಬಿದ್ದ ಚಿಕಿತ್ಸಾಲಯದಲ್ಲಿ ಬಿಟ್ಟುಹೋಗಿದ್ದ ಯಂತ್ರದ ಸೀಸಿಯಮ್ ಜನರ ಕೈಸೇರಿ ನಾಲ್ವರು ಮೃತರಾದರು. ಆಗ 46 ಮಂದಿಗೆ ಪ್ರಷ್ಯನ್ ನೀಲಿಯನ್ನೇ ಔಷಧವಾಗಿ ಕೊಡಲಾಯಿತು. ಥ್ಯಾಲಿಯಮ್ ವಿಷಕ್ಕೂ ಇದೇ ಮದ್ದು. ಘೋರವಿಷಕ್ಕೆ ಹೆಸರು ಕೊಟ್ಟ ವಸ್ತುವೇ ವಿಷಹಾರಿಯಾದುದು ಚಮತ್ಕಾರವಲ್ಲ. ಯಾವ ಪರಮಾಣು ಎಲ್ಲಿ, ಯಾವುದರ ಹಿಡಿತದಲ್ಲಿದೆಯೆಂಬುದೇ ಗುಣವನ್ನು ನಿರ್ಣಯಿಸುತ್ತದೆಂಬುದಕ್ಕೆ ಅದು ಪ್ರಮಾಣ.

ಸಯನೈಡು ಸೇತುವೆಯ ಅಯಸ್ಕಾಂತಗಳು ಉಕ್ಕಿನ ಅಯಸ್ಕಾಂತಗಳ ಸ್ಥಾನವನ್ನು ಆಕ್ರಮಿಸಿಲ್ಲ. ಹಗುರವಾದ, ನೀರು ತುಂಬಿದ ಈ ಹರಳುಗಳಿಂದ ಅಂಥ ಬಲವನ್ನು ನಿರೀಕ್ಷಿಸುವುದೂ ಯುಕ್ತವಲ್ಲ. ಅವುಗಳ ಮಹತ್ವ ಬೇರೆ. ಎರಡು ಪರಮಾಣುಗಳ ಸೇತುವೆಯೊಂದನ್ನು ಸ್ಥಿರವಾಗಿಟ್ಟುಕೊಂಡು ತುದಿಗಳ ಲೋಹವನ್ನು ಮಾತ್ರ ಬದಲಿಸುತ್ತ ಹೋದರೆ, ಕಾಂತತ್ವವೆಂಬ ಪ್ರಾಚೀನ ವಿಸ್ಮಯ ಹೇಗೆ ಹುಟ್ಟುತ್ತದೆ, ಹೇಗೆ ಬೆಳೆಯುತ್ತದೆ, ಹೇಗೆ ತಲೆಕೆಳಗಾಗುತ್ತದೆ ಎಂಬುದನ್ನು ಹಂತಹಂತವಾಗಿ ಪರೀಕ್ಷಿಸಲು ಇವುಗಳಲ್ಲಿ ಅವಕಾಶವಿದೆ. ಮೂರು ಶತಮಾನಗಳ ಹಿಂದೆ ಆಕಸ್ಮಿಕವಾಗಿ ಕೈಗೆ ಬಂದ ಬಣ್ಣವೊಂದು, ಇಂದು ಬೇಕಾದ ಗುಣವನ್ನು ಮೊದಲೇ ಲೆಕ್ಕಹಾಕಿ ವಸ್ತುವನ್ನು ರೂಪಿಸುವ ಶಾಸ್ತ್ರಕ್ಕೆ ಆಧಾರವಾಗಿದೆ.